ನೂಲು ಸುತ್ತಿದ ಚಾರ್ಜರು

ಅಜ್ಜಿಯರು ಹೇಳುವ ಕಥೆಗಳಲ್ಲಿ ರಾಕ್ಷಸನ ಪ್ರಾಣ ಅವನ ಮೈಯಲ್ಲಿ ಇರುವುದಿಲ್ಲ. ಏಳು ಸಮುದ್ರದ ಆಚೆ, ಒಂದು ಮರದ ಪೊಟರೆಯಲ್ಲಿ, ಒಂದು ಗಿಳಿಯ ಕೊರಳಿನಲ್ಲಿ ಇರುತ್ತದೆ. ಎಂಥ ಪೆದ್ದನಪ್ಪಾ ಇವನು, ಪ್ರಾಣವನ್ನು ಯಾರಾದರೂ ಅಷ್ಟು ದೂರ ಇಡುತ್ತಾರೆಯೇ ಎಂದು ಕೇಳುವ ಮಕ್ಕಳು ನಗುತ್ತಾರೆ. ಅದೇ ಮಕ್ಕಳು ದೊಡ್ಡವರಾದ ಮೇಲೆ ತಮ್ಮ ಪ್ರಾಣವನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ, ತುಂಬಿತೋ ಇಲ್ಲವೋ ಎಂದು ಗಳಿಗೆಗೊಮ್ಮೆ ಇಣುಕುತ್ತಾರೆ. ರಾಕ್ಷಸನೇ ವಾಸಿ. ಅವನ ಗಿಳಿಗೆ ವೈರು ಇರಲಿಲ್ಲ.

ನಮ್ಮ ಜೋಡಿ ಮಾವನ ಪ್ರಾಣ ಮಾತ್ರ ಒಂದು ಬಿಸ್ಕತ್ತಿನ ಡಬ್ಬದಲ್ಲಿತ್ತು. ಆ ಡಬ್ಬದಲ್ಲಿ ಬಿಸ್ಕತ್ತು ಇರಲಿಲ್ಲ; ಒಂದರ ಕೊರಳಿಗೆ ಇನ್ನೊಂದು ಸುತ್ತಿಕೊಂಡು ಹುತ್ತದ ಹಾವುಗಳಂತೆ ಮಲಗಿದ್ದ ಹಳೆಯ ಚಾರ್ಜರುಗಳಿದ್ದವು. ಅವುಗಳ ಫೋನು ಎಂದೋ ಸತ್ತಿತ್ತು, ಟಾರ್ಚು ಎಂದೋ ಕಳೆದಿತ್ತು, ಆಟಿಕೆ ಎಂದೋ ಮುರಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಎಸೆಯುತ್ತಿದ್ದರು. ಜೋಡಿ ಮಾವನಿಗೆ ಕೈ ಬರುತ್ತಿರಲಿಲ್ಲ, ಏಕೆಂದರೆ ಅವರ ಕಸುಬೇ ಮದುವೆ ಕುದುರಿಸುವುದು. ಒಂಟಿಯಾಗಿ ಉಳಿದ ಯಾವ ಜೀವವನ್ನು ಕಂಡರೂ ಅವರ ಕರುಳು ಚುರ್ ಎನ್ನುತ್ತಿತ್ತು.

ಅವರ ಮನೆಯ ಬಾಗಿಲ ಮೇಲೆ ಒಳ್ಳೆ ಗಟ್ಟಿ ಹಲಗೆಯ ಬೋರ್ಡೊಂದು ತೂಗುತ್ತಿತ್ತು: ‘ಹೊಂದದ ಜೋಡಿ ಲೋಕದಲ್ಲೇ ಇಲ್ಲ.’ ಇದು ಬರೀ ಜಾಹೀರಾತಲ್ಲ, ಮಾವನ ಸಿದ್ಧಾಂತ. ಹುಡುಗ ಕುಳ್ಳಗಿದ್ದರೆ ಹುಡುಗಿ ಎತ್ತರ ಹಿಮ್ಮಡಿಯ ಚಪ್ಪಲಿ ಬಿಡಲಿ. ಅವನು ಗೊರಕೆ ಹೊಡೆದರೆ ಇವಳು ಕಿವಿಗೆ ಹತ್ತಿ ಇಟ್ಟುಕೊಳ್ಳಲಿ. ಇವಳಿಗೆ ಸಿಟ್ಟು ಜಾಸ್ತಿಯೆಂದರೆ ಅವನಿಗೆ ಹೊರಗೆ ತಿರುಗಾಡುವ ಕೆಲಸ ಹುಡುಕೋಣ. “ಸ್ವಲ್ಪ ಒತ್ತಬೇಕು, ಸ್ವಲ್ಪ ತಳ್ಳಬೇಕು, ಎಲ್ಲ ಕೂತ್ಕೊಳ್ಳುತ್ತೆ” ಎನ್ನುತ್ತಿದ್ದರು. ಹಾಗೆ ಒತ್ತಿ ತಳ್ಳಿ ಕೂರಿಸಿದ ಜೋಡಿಗಳು ಆ ಬೀದಿಯ ತುಂಬ ಇದ್ದವು. ಅವುಗಳಲ್ಲಿ ಕೆಲವು ಈಗಲೂ ಮಾವನನ್ನು ಕಂಡರೆ ಎದುರು ಬದಿಯ ಫುಟ್‌ಪಾತಿಗೆ ದಾಟುತ್ತಿದ್ದವು ಎಂಬುದು ಬೇರೆ ಮಾತು.

ಮನುಷ್ಯರ ಮದುವೆಯಿಂದ ಚಾರ್ಜರುಗಳ ಮದುವೆಗೆ ಮಾವ ಇಳಿದದ್ದು ಮೂಲೆಯ ಕ್ಷೌರದಂಗಡಿಯಲ್ಲಿ. ಅಲ್ಲಿನ ರೇಡಿಯೋಗೆ ಚಾರ್ಜರು ಕಳೆದುಹೋಗಿತ್ತು. ಮಾವ ಮನೆಗೆ ಹೋಗಿ ಡಬ್ಬ ಕೆದಕಿ, ಒಂದು ಒಂಟಿ ಚಾರ್ಜರನ್ನು ತಂದು, ಕಣ್ಣು ಮುಚ್ಚಿ ಚುಚ್ಚಿದರು. ರೇಡಿಯೋ ಹಾಡಿತು. ಹಾಡಬಾರದಿತ್ತು. ಅದೊಂದು ದಿನ ಅದು ಸುಮ್ಮನೆ ಇದ್ದಿದ್ದರೆ ಎಷ್ಟೋ ಅನಾಹುತ ತಪ್ಪುತ್ತಿತ್ತು.

“ಮಾವ, ಹೆಂಗೆ ಗೊತ್ತಾಯ್ತು ಇದೇ ಆಗುತ್ತೆ ಅಂತ?” ಎಂದ ಕ್ಷೌರಿಕ, ಬಾಯಿ ಬಿಟ್ಟುಕೊಂಡು.

“ತುದಿ ನೋಡಿದ್ರೆ ಸಾಕು. ಜೋಡಿ ಹೇಳಿಬಿಡ್ತೀನಿ” ಎಂದರು ಮಾವ, ಕನ್ನಡಿಯಲ್ಲಿ ತಮ್ಮನ್ನು ತಾವೇ ಮೆಚ್ಚಿ ನೋಡಿಕೊಳ್ಳುತ್ತ.

ಬಾಯಿಂದ ಬಾಯಿಗೆ ಸುದ್ದಿ ಹೋಯಿತು. ಜನ ಒಂಟಿ ಚಾರ್ಜರು, ಒಂಟಿ ಫೋನು ಹಿಡಿದುಕೊಂಡು ಬರತೊಡಗಿದರು. ಮಾವ ಇದರ ತುದಿಯನ್ನು ಅದಕ್ಕೆ ಹಿಡಿದು, ಅದರ ತೂತನ್ನು ಇದಕ್ಕೆ ತೋರಿಸಿ, “ಹ್ಞೂಂ, ಒಪ್ಪಿದೆ” ಎಂದು ತೀರ್ಪು ಕೊಡುತ್ತಿದ್ದರು. ಮಹಡಿ ಮೇಲಿನ ಟೈಲರಮ್ಮ ತನ್ನ ಹೊಲಿಗೆ ಯಂತ್ರದ ಮೇಲಿನ ಪುಟ್ಟ ದೀಪಕ್ಕೆ ಚಾರ್ಜರು ಕೇಳಿಕೊಂಡು ಬಂದಾಗ ಮಾವ ಉದಾರಿಯಾಗಿ ತಮ್ಮ ಟ್ಯಾಬಿನ ಚಾರ್ಜರನ್ನೇ ಎತ್ತಿ ಕೊಟ್ಟುಬಿಟ್ಟರು. ಆ ಟ್ಯಾಬಿನಲ್ಲೇ ಎಲ್ಲ ಹುಡುಗ ಹುಡುಗಿಯರ ಫೋಟೋ ಇದ್ದದ್ದು.

“ಮತ್ತೆ ನಿಮ್ಮ ಟ್ಯಾಬಿಗೆ?” ಎಂದಳು ಟೈಲರಮ್ಮ.

“ಅದಕ್ಕೆ ಬೇರೆ ಸಂಬಂಧ ನೋಡಿದ್ರಾಯ್ತು ತಾಯಿ. ಡಬ್ಬ ಇದೆಯಲ್ಲ.”

ಇದನ್ನೆಲ್ಲ ಬಾಗಿಲಿಗೆ ಒರಗಿ ನೋಡುತ್ತಿದ್ದವಳು ಮಾವನ ತಂಗಿಯ ಮಗಳು. ದೂರದೂರಿನಲ್ಲಿದ್ದ ಅಪ್ಪ ಅಮ್ಮ, ಕೆಲಸ ಹತ್ತಿರವಾಗುತ್ತದೆ ಎಂದು ಅವಳನ್ನು ಮಾವನ ಮನೆಯಲ್ಲಿ ಬಿಟ್ಟಿದ್ದರು. ಮುಂದಿನ ಬೀದಿಯ ಔಷಧಿ ಅಂಗಡಿಯಲ್ಲಿ ಅವಳ ಕೆಲಸ. ಶೀಶೆಯಾಗಲಿ, ಶಾಂಪೂ ಆಗಲಿ, ಸೊಳ್ಳೆ ಬತ್ತಿಯಾಗಲಿ, ಅದರ ಮೇಲಿನ ಚೀಟಿಯನ್ನು ಕೊನೆಯ ಸಾಲಿನವರೆಗೆ ಓದದೆ ಮುಟ್ಟುತ್ತಿರಲಿಲ್ಲ. ಹಾಗಾಗಿ ಬೀದಿಯವರ ಬಾಯಲ್ಲಿ ಅವಳು ‘ಚೀಟಿ’.

“ಮಾವ, ಆ ಚಾರ್ಜರಿನ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ಎಷ್ಟು ವೋಲ್ಟು, ಎಷ್ಟು ಆಂಪಿಯರು ಅಂತ. ಓದಿದ್ರಾ?”

“ಓದೋದು ಎಂಥದು? ತೂತಿಗೆ ಹಿಡಿಸ್ತಲ್ಲ.”

“ಬಾಯಿಗೆ ಹಿಡಿಸುತ್ತೆ ಅಂತ ಎಲ್ಲ ಮಾತ್ರೆನೂ ನುಂಗ್ತೀರಾ?”

“ಮಾತ್ರೆ ಬೇರೆ, ಮದುವೆ ಬೇರೆ” ಎಂದು ಮಾವ ಡಬ್ಬದ ಮುಚ್ಚಳ ಹಾಕಿದರು.

ಈ ಮದುವೆ ಎಂಬ ಮಾತು ಬಂದಾಗಲೆಲ್ಲ ಅಡುಗೆಮನೆಯಿಂದ ಪಾತ್ರೆಯ ಸದ್ದು ಸ್ವಲ್ಪ ಜೋರಾಗುತ್ತಿತ್ತು. ಅಲ್ಲಿದ್ದವರು ಮಾವನ ಹೆಂಡತಿ, ಬೀದಿಗೆಲ್ಲ ಅತ್ತೆ. ಅತ್ತೆಯ ಕೊರಗು ಒಂದೇ: ಲೋಕಕ್ಕೆಲ್ಲ ಜೋಡಿ ಕೂಡಿಸಿದ ಗಂಡನಿಗೆ ಮನೆಯಲ್ಲೇ ಇರುವ ಹುಡುಗಿಗೆ ಒಂದು ಗಂಡು ಹೊಂದಿಸಲು ಆಗಿರಲಿಲ್ಲ. ಚೀಟಿಗೆ ಮದುವೆ ಬೇಡವೆಂದಲ್ಲ. ಬೇಕು ಎಂದು ಬಾಯಿಬಿಟ್ಟು ಹೇಳಿದ್ದಳು. ಆದರೆ ಬಂದವರನ್ನೆಲ್ಲ ಅವಳು ಚೀಟಿಯ ಹಾಗೆ ತಿರುಗಿಸಿ ತಿರುಗಿಸಿ ಓದುತ್ತಿದ್ದಳು. ಹೋದ ಸಲ ಬಂದಿದ್ದವನು ಎಲ್ಲ ಬಲ್ಲವನು. ರಸ್ತೆ ಹೇಗೆ ಹಾಕಬೇಕು, ಹೃದಯದ ಆಪರೇಷನ್ನು ಹೇಗೆ ಮಾಡಬೇಕು, ಎಲ್ಲ ಗೊತ್ತು. ಮಾತಾಡುತ್ತ ಮಾತಾಡುತ್ತ ತಲೆನೋವೆಂದು ಜೇಬಿನಿಂದ ಎರಡು ಮಾತ್ರೆ ತೆಗೆದು ಬಾಯಿಗೆ ಎಸೆದುಕೊಂಡ. “ಯಾವ ಮಾತ್ರೆ ಅದು?” ಎಂದಳು ಚೀಟಿ. “ಬಿಳೀದು” ಎಂದ ಅವನು. ಅವಳು ಎದ್ದು ಒಳಗೆ ಹೋದವಳು ಹೊರಗೆ ಬರಲೇ ಇಲ್ಲ.

“ನೋಡ್ರೀ” ಎಂದರು ಅತ್ತೆ, ಈ ಸಲದ ಹುಡುಗನ ಮನೆಯವರು ಭಾನುವಾರ ಬರುತ್ತಾರೆಂದು ಗೊತ್ತಾದಾಗ. “ಇದೊಂದು ಕೂಡಿಬರ್ಲಿ. ಇದನ್ನೂ ಕೆಡಿಸಿದ್ರೆ ಆ ಬೋರ್ಡು ಇಳಿಸಿಕೊಡಿ. ನನಗೆ ಅಡುಗೆಮನೇಲಿ ಡಬ್ಬ ಇಡೋಕೆ ಒಂದು ಗಟ್ಟಿ ಹಲಗೆ ಬೇಕಾಗಿದೆ.”

“ಬೋರ್ಡು ಇಳಿಸೋದಾ? ಲೇ, ಅದು ನನ್ನ ಮಾನ ಕಣೇ.”

“ಅದಕ್ಕೇ ಹೇಳಿದ್ದು, ಗಟ್ಟಿಯಾಗಿದೆ ಅಂತ.”

ಮಾವನಿಗೆ ಇದು ಎದೆಗೆ ನಾಟಿತು. ಹುಡುಗ ಲೈಬ್ರರಿಯಲ್ಲಿ ಕೆಲಸದವನು, ತಾಯಿಯಿಲ್ಲ. ತಂದೆ ನಿವೃತ್ತ ಹೆಡ್‌ಮೇಷ್ಟ್ರು. ಅವರ ಮೀಸೆಯ ಹೆಸರು ಪಕ್ಕದ ಬಡಾವಣೆಯವರೆಗೂ ಹಬ್ಬಿತ್ತು. ತರಗತಿಗೆ ಮೊದಲು ಮೀಸೆ ಬರುತ್ತಿತ್ತಂತೆ, ಹಿಂದಿನಿಂದ ಮೇಷ್ಟ್ರು. ಇಂಥ ಮನೆತನ ತಪ್ಪಿಸಿಕೊಂಡರೆ ಬೋರ್ಡೇನು, ಬಾಗಿಲನ್ನೇ ಕಿತ್ತು ಕೊಡಬೇಕಾದೀತು.

ಭಾನುವಾರ ಬೆಳಿಗ್ಗೆ ಮಾವ ಹಜಾರ ಗುಡಿಸಿ, ಸೋಫಾಕ್ಕೆ ಹೊಸ ಹೊದಿಕೆ ಹಾಕುತ್ತಿದ್ದಾಗ ಕ್ಷೌರಿಕ ಓಡಿಬಂದ. ಅವನ ಕೈಯಲ್ಲಿ ಒಂದು ಟ್ರಿಮ್ಮರು.

“ಮಾವ, ಇದರ ಚಾರ್ಜರು ಎಲ್ಲೋ ಹೋಗಿದೆ. ಭಾನುವಾರದ ಗಿರಾಕಿಗಳು ಸಾಲಾಗಿ ಕೂತಿದ್ದಾರೆ. ನೀವೇ ದಾರಿ ತೋರಿಸ್ಬೇಕು.”

ಮಾವ ಡಬ್ಬ ಬಿಚ್ಚಿದರು. ದುಂಡು ತುದಿಯದೊಂದು ಸಿಕ್ಕಿತು. ಎಂದೋ ಸತ್ತುಹೋದ ಯಾವುದೋ ಪೆಟ್ಟಿಗೆಯ ಚಾರ್ಜರು ಅದು. ಮೈಕಟ್ಟು ದಪ್ಪ, ಬೆನ್ನ ತುಂಬ ಬರಹ. ಬರಹವನ್ನು ಯಾರು ಓದುತ್ತಾರೆ? ತುದಿ ಟ್ರಿಮ್ಮರಿನ ತೂತಿಗೆ ಹೋಯಿತು, ಆದರೆ ಅಲ್ಲಾಡುತ್ತಿತ್ತು.

“ಸಡಿಲ ಅಲ್ವಾ ಮಾವ?”

“ಹೊಸ ಸಂಬಂಧ, ಮೊದಮೊದಲು ಸಡಿಲವೇ” ಎಂದ ಮಾವ ಮಹಡಿಯ ಕಡೆ ತಲೆಯೆತ್ತಿ ಕೂಗಿದರು. “ಟೈಲರಮ್ಮ, ಒಂದು ಗೇಣು ನೂಲು ಎಸಿ ತಾಯಿ.”

ನೂಲು ಬಂತು. ಮಾವ ಅದನ್ನು ಚಾರ್ಜರಿನ ಕೊರಳಿಗೆ ಸುತ್ತಿ, ಒತ್ತಿ, ತಳ್ಳಿ ಕೂರಿಸಿದರು. ಮದುಮಕ್ಕಳನ್ನು ಬೀಳ್ಕೊಡುವಂತೆ ಟ್ರಿಮ್ಮರಿನ ಬೆನ್ನು ತಟ್ಟಿ ಕಳಿಸಿದರು.

ಆಮೇಲೆ ನೆನಪಾಯಿತು, ಟ್ಯಾಬಿನಲ್ಲಿ ಚಾರ್ಜು ಇಲ್ಲ. ಮೇಷ್ಟ್ರಿಗೆ ತಾವು ಕೂಡಿಸಿದ ಜೋಡಿಗಳ ಫೋಟೋ ತೋರಿಸದೆ ಇರುವುದು ಹೇಗೆ? ಮಾವ ಡಬ್ಬದ ತಳದಿಂದ ಇನ್ನೊಂದು ಚಾರ್ಜರು ಎಳೆದರು. ಅದರ ಬೆನ್ನಿನ ಬರಹ ಉಜ್ಜಿಹೋಗಿ ನುಣ್ಣಗಾಗಿತ್ತು. ಯಾವ ಕಂಪನಿ, ಎಷ್ಟು ವೋಲ್ಟು, ಕೇಳುವ ಹಾಗಿಲ್ಲ, ಹೆಸರಿಲ್ಲ, ಊರಿಲ್ಲ. ‘ಅನಾಥ ಪಾಪ’ ಎಂದುಕೊಂಡು ಅದನ್ನೇ ಸೋಫಾದ ಹಿಂದಿನ ಸಾಕೆಟ್ಟಿಗೆ ಚುಚ್ಚಿದರು. ವೈರು ನೇತಾಡುವುದು ಬಂದವರ ಕಣ್ಣಿಗೆ ಬಿದ್ದರೆ ಚೆನ್ನಲ್ಲವೆಂದು ಟ್ಯಾಬನ್ನು ಸೋಫಾದ ಮೂಲೆಯ ಮೆತ್ತೆಯ ಕೆಳಗೆ ಮಲಗಿಸಿ, ಮೇಲೆ ಹೊಸ ಹೊದಿಕೆಯನ್ನು ಎಳೆದು, ಕೈಯಿಂದ ಸವರಿದರು. ಹೊರಗಿನಿಂದ ನೋಡಿದರೆ ಬಲು ಅಂದ.

ಇತ್ತ ಹೆಡ್‌ಮೇಷ್ಟ್ರು ಮತ್ತು ಮಗ ಬಸ್ಸಿಳಿದಾಗ ಹೊತ್ತು ಇನ್ನೂ ಇತ್ತು. ಹೆಣ್ಣಿನ ಮನೆಗೆ ಹೋಗುವ ಮೊದಲು ಮೀಸೆಯ ಅಂಚು ಒಂದು ಸಲ ಸಮ ಮಾಡಿಸೋಣವೆಂದು ಮೇಷ್ಟ್ರು ಮೂಲೆಯ ಅಂಗಡಿಗೆ ಹೊಕ್ಕರು. ಮಗ ಹೊರಗಿನ ಬೆಂಚಿನ ಮೇಲೆ ಪುಸ್ತಕ ತೆರೆದು ಕುಳಿತ. ಕ್ಷೌರಿಕ ಟ್ರಿಮ್ಮರನ್ನು ಹೊಸ ಚಾರ್ಜರಿನಿಂದ ಬಿಡಿಸದೆಯೇ ಶುರುಮಾಡಿದ. ಅದು ಯಾವತ್ತೂ ಜೇನ್ನೊಣದ ಹಾಗೆ ಗುನುಗುತ್ತಿದ್ದ ಜೀವ. ಇಂದು ಲಾರಿಯ ಹಾಗೆ ಗರ್ಜಿಸಿತು. “ಪರವಾಗಿಲ್ವೇ, ಹೊಸ ಜೋಡಿ ಹುರುಪಾಗಿದೆ” ಎಂದು ಕ್ಷೌರಿಕ ಹೆಮ್ಮೆಪಡುವಷ್ಟರಲ್ಲಿ ಅದು ಅವನ ಕೈಯಲ್ಲಿ ಒಮ್ಮೆ ನೆಗೆಯಿತು, ಎಡಗಡೆಯ ಮೀಸೆಯನ್ನು ಬುಡಸಮೇತ ಮೇಯಿತು, ಕಮಟು ವಾಸನೆ ಬಿಟ್ಟು ಶಾಶ್ವತವಾಗಿ ಸುಮ್ಮನಾಯಿತು.

ಮೇಷ್ಟ್ರು ಕನ್ನಡಿ ನೋಡಿದರು. ಕನ್ನಡಿ ಮೇಷ್ಟ್ರನ್ನು ನೋಡಿತು. ಬಲಗಡೆ ಸೇವೆಯಲ್ಲಿದ್ದ ಹೆಡ್‌ಮೇಷ್ಟ್ರು, ಎಡಗಡೆ ಯಾರೋ ಅಪರಿಚಿತ. ಕ್ಷೌರಿಕ ಬಾಯಿ ತೆರೆಯುವ ಮೊದಲೇ ಅವರು ಕರವಸ್ತ್ರವನ್ನು ಮೂಗಿನ ಕೆಳಗೆ ಒತ್ತಿ ಹಿಡಿದು, ಮಗನನ್ನು ಕೈಸನ್ನೆಯಲ್ಲೇ ಎಬ್ಬಿಸಿ, ಹೊರಟೇಬಿಟ್ಟರು. ವಾಪಸು ಮನೆಗೆ ಹೋಗುವುದೇ ಸರಿ ಎಂದು ಒಂದು ಮನಸ್ಸು. ಆದರೆ ಕೊಟ್ಟ ಮಾತಿಗೆ ಒಂದು ನಿಮಿಷ ತಡವಾಗಿಯೂ ಹೋದವರಲ್ಲ ಅವರು.

ಜೋಡಿ ಮಾವ ಬಾಗಿಲಲ್ಲಿ ಕೈಮುಗಿದು ನಿಂತಿದ್ದರು. ಮೀಸೆಯ ದರ್ಶನಕ್ಕೆ ಕಾದಿದ್ದವರಿಗೆ ಕರವಸ್ತ್ರದ ದರ್ಶನವಾಯಿತು.

“ಬನ್ನಿ ಮೇಷ್ಟ್ರೇ, ಬನ್ನಿ. ಇದೇನು ಹೀಗೆ?”

ಮೇಷ್ಟ್ರು ಮಾತಾಡಲಿಲ್ಲ. ಬಾಯಿ ತೆರೆದರೆ ಕರವಸ್ತ್ರ ಜಾರುವ ಭಯ. ಮಗನ ಕಡೆ ನೋಡಿದರು. ಮಗನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ನಿಜ ಹೇಳಲು ಅಪ್ಪಣೆಯಿಲ್ಲ.

“ಅಪ್ಪನಿಗೆ ಸ್ವಲ್ಪ... ಬಾಯಿ ಹತ್ತಿರ ತೊಂದರೆ” ಎಂದ.

“ಹಲ್ಲುನೋವು” ಎಂದು ಮಾವ ಆ ಕ್ಷಣವೇ ತೀರ್ಮಾನಿಸಿದರು. ಒಳ್ಳೆಯ ಜಾಗದಲ್ಲಿ ಕೂರಿಸಬೇಕೆಂದು ಮೇಷ್ಟ್ರನ್ನು ಕೈಹಿಡಿದು ಕರೆದೊಯ್ದು ಸೋಫಾದ ಮೂಲೆಯ ಮೆತ್ತೆಯ ಮೇಲೆಯೇ ಕೂರಿಸಿದರು.

ಅತ್ತೆ ಬಿಸಿನೀರಿಗೆ ಉಪ್ಪು ಹಾಕಿ ತಂದರು. ಮೇಷ್ಟ್ರು ತಲೆಯಾಡಿಸಿದರು. ಲೋಟ ಕೊಡುವ ನೆಪದಲ್ಲಿ ಕೆಳಗಿಳಿದಿದ್ದ ಟೈಲರಮ್ಮ ಅತ್ತೆಯ ಕಿವಿಯಲ್ಲಿ, “ಹಲ್ಲಲ್ಲ ಅತ್ತೆ, ಇದು ಅಂಟುಜಾಡ್ಯ. ನಮ್ಮ ಹಳೆ ಮನೆ ಓನರು ಹೀಗೇ ಮುಖ ಮುಚ್ಚಿಕೊಂಡು ಬಂದು ಮನೆಮಂದಿಗೆಲ್ಲ ಹಂಚಿ ಹೋದ್ರು” ಎಂದಳು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು.

ಅಷ್ಟರಲ್ಲಿ ಚೀಟಿ ಚಹಾ ತಂದಳು. ತಟ್ಟೆ ಇಟ್ಟವಳು ಮೇಷ್ಟ್ರ ಮುಂದೆ ನಿಂತಳು.

“ಮೇಲಿನ ಹಲ್ಲಾ, ಕೆಳಗಿನದಾ?”

ಮೇಷ್ಟ್ರು ಬೆರಳನ್ನು ಮೇಲಕ್ಕೆ ತೋರಿಸಿದರು. ಒಂದರ್ಥದಲ್ಲಿ ಅದು ಸತ್ಯವೇ.

“ಊದಿದೆಯಾ?”

ಇಲ್ಲ ಎಂದು ತಲೆಯಾಡಿತು. ಊದುವುದೇನು, ಅಲ್ಲಿ ಇದ್ದದ್ದೂ ಹೋಗಿತ್ತು.

“ಕರವಸ್ತ್ರ ತೆಗೀರಿ, ನೋಡ್ತೀನಿ. ನೋಡದೆ ನಾನು ಔಷಧಿ ಹೇಳಲ್ಲ.”

ಮೇಷ್ಟ್ರು ಕರವಸ್ತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮಾವನ ಜೀವ ಬಾಯಿಗೆ ಬಂತು. ಇವಳ ತನಿಖೆ ಶುರುವಾಯಿತು, ಇನ್ನು ಬೋರ್ಡು ಅಡುಗೆಮನೆಗೇ. ಮಾತು ತಿರುಗಿಸಬೇಕು.

“ಮೇಷ್ಟ್ರೇ, ನಮ್ಮ ಹುಡುಗೀದು ಹಾಗೇ, ಕಾಳಜಿ ಜಾಸ್ತಿ. ನಮ್ಮ ವಂಶದಲ್ಲೇ ಅದು ಬಂದಿದೆ. ನನ್ನನ್ನೇ ನೋಡಿ, ಮನುಷ್ಯರಿರಲಿ, ಚಾರ್ಜರೂ ಒಂಟಿಯಾಗಿದ್ರೆ ನನಗೆ ನಿದ್ದೆ ಬರೋಲ್ಲ. ಇವತ್ತು ಬೆಳಿಗ್ಗೆ ತಾನೇ ಮೂಲೆ ಅಂಗಡಿಯವನ ಟ್ರಿಮ್ಮರಿಗೆ ಒಂದು ಚಾರ್ಜರು ಕೂಡಿಸಿಕೊಟ್ಟೆ. ಹೊಂದ್ತಿರಲಿಲ್ಲ. ನೂಲು ಸುತ್ತಿ ಹೊಂದಿಸಿದೆ.”

ಕರವಸ್ತ್ರದ ಮೇಲೆ ಮೇಷ್ಟ್ರ ಎರಡೂ ಕಣ್ಣು ನಿಧಾನಕ್ಕೆ ಅಗಲವಾದವು.

“ನೋಡಿದ್ರಾ, ಮೇಷ್ಟ್ರಿಗೆ ಆಶ್ಚರ್ಯ” ಎಂದು ಮಾವ ಹಿಗ್ಗಿದರು. “ಈಗ ಅದು ಎಷ್ಟು ಜನರ ಮುಖ ಬೆಳಗ್ತಿದೆಯೋ.”

ಲೈಬ್ರರಿ ಹುಡುಗ ಚಹಾವನ್ನು ಗಂಟಲಿಗೆ ಸಿಕ್ಕಿಸಿಕೊಂಡು ಕೆಮ್ಮತೊಡಗಿದ. “ಹೇಳಲಿಲ್ವಾ, ಮಗನಿಗೂ ಅಂಟಿದೆ” ಎಂದಳು ಟೈಲರಮ್ಮ.

ಮೇಷ್ಟ್ರಿಗೆ ಏಳಬೇಕು, ಕೂಗಬೇಕು ಎನಿಸಿತು. ಆದರೆ ಅದಕ್ಕಿಂತ ಹತ್ತಿರದ ಒಂದು ಸಂಕಟ ಅವರನ್ನು ಕಾಡುತ್ತಿತ್ತು. ಅವರು ಕುಳಿತಿದ್ದ ಜಾಗ ಮೊದಲು ಬೆಚ್ಚಗಿತ್ತು. ಆಗ, ಪರವಾಗಿಲ್ಲ, ಉಪಚಾರ ಚೆನ್ನಾಗಿದೆ ಅಂದುಕೊಂಡಿದ್ದರು. ಈಗ ಅದು ಕಾವೇರುತ್ತಿತ್ತು. ಅವರು ಎಡಕ್ಕೆ ಸರಿದರು. ಬಲಕ್ಕೆ ಸರಿದರು. ಅರ್ಧ ಎದ್ದು ಮತ್ತೆ ಕುಳಿತರು.

ಮಾವ ಅತ್ತೆಯ ಬಳಿ ಬಾಗಿ, “ನೋಡು, ಮನಸ್ಸು ಕೂತಿಲ್ಲ. ಅತ್ತ ಇತ್ತ ಓಲಾಡ್ತಿದ್ದಾರೆ. ಇನ್ನೊಂಚೂರು ತಳ್ಳಬೇಕು” ಎಂದು ಪಿಸುಗುಟ್ಟಿ, ಪ್ರೀತಿಯಿಂದ ಮೇಷ್ಟ್ರ ಎರಡೂ ಭುಜ ಹಿಡಿದು ಮೆತ್ತೆಯ ಮೇಲೆ ಒತ್ತಿ ಕೂರಿಸಿದರು. “ಆರಾಮಾಗಿ ಕೂತ್ಕೊಳ್ಳಿ. ಇದು ನಿಮ್ಮದೇ ಮನೆ.”

ಇದೇ ಹೊತ್ತಿಗೆ ಬಾಗಿಲು ಧಡಾರನೆ ತೆರೆಯಿತು. ಹೆಗಲ ಮೇಲೆ ಟವೆಲು, ಕೈಯಲ್ಲಿ ಸತ್ತ ಟ್ರಿಮ್ಮರು, ಅದರಿಂದ ನೇತಾಡುವ ನೂಲು ಸುತ್ತಿದ ಚಾರ್ಜರು. ಕ್ಷೌರಿಕ ಬಾಗಿಲಲ್ಲೇ ಕೂತು ಅಳುವವನ ಹಾಗಿದ್ದ.

“ಮಾವ, ನನ್ನ ಅಂಗಡಿ ಮುಳುಗಿಸಿಬಿಟ್ರಲ್ಲ. ನೀವು ಕೂಡಿಸಿದ ಜೋಡಿ ಒಬ್ಬ ದೊಡ್ಡ ಮನುಷ್ಯರ ಅರ್ಧ ಮೀಸೆ ತಿಂದು ಸತ್ತೋಯ್ತು. ಅವರ ಕಾಲಿಗೆ ಬೀಳೋಣ ಅಂದ್ರೆ ಅವರು ಯಾರೋ ಏನೋ, ಮುಖ ಮುಚ್ಚಿಕೊಂಡು ಹೋಗಿಬಿಟ್ರು.”

ಹಜಾರದಲ್ಲಿ ಎಲ್ಲರ ಕಣ್ಣೂ ಕರವಸ್ತ್ರದ ಕಡೆ ತಿರುಗಿತು. ಮಾವನ ಕಣ್ಣು ಮಾತ್ರ ಬಾಗಿಲ ಮೇಲಿನ ಬೋರ್ಡಿನ ದಿಕ್ಕಿಗೆ ಹೋಯಿತು.

ಮೇಷ್ಟ್ರು ಈಗ ಏಳಬಾರದೆಂದೇ ಇದ್ದರು, ಮಾನದ ಪ್ರಶ್ನೆ. ಆದರೆ ಮೆತ್ತೆ ಬಿಡಲಿಲ್ಲ. ಅವರು ಬಾಣದಂತೆ ಮೇಲಕ್ಕೆ ಚಿಮ್ಮಿ, ಎರಡೂ ಕೈಯನ್ನು ಹಿಂದಕ್ಕೆ ಒಯ್ದರು. ಕರವಸ್ತ್ರ ಚಹಾದ ತಟ್ಟೆಗೆ ಬಿತ್ತು. ಅರ್ಧ ಮೀಸೆ ಲೋಕಕ್ಕೆ ಪ್ರಕಟವಾಯಿತು.

“ಇವರೇ” ಎಂದ ಕ್ಷೌರಿಕ.

“ಅಂಟುಜಾಡ್ಯ ಅಲ್ಲ” ಎಂದಳು ಟೈಲರಮ್ಮ, ಸ್ವಲ್ಪ ನಿರಾಸೆಯಿಂದ.

“ಎಲ್ಲ ಸುಮ್ನಿರಿ” ಎಂದಳು ಚೀಟಿ, ಮೂಗರಳಿಸುತ್ತ. “ಪ್ಲಾಸ್ಟಿಕ್ ಸುಡೋ ವಾಸನೆ.”

ಹೊಸ ಹೊದಿಕೆಯ ಅಂಚಿನಿಂದ ಎಳೆಯಷ್ಟು ಹೊಗೆ ಏಳುತ್ತಿತ್ತು. ಮಾವನಿಗೆ ಆಗ ಟ್ಯಾಬು ನೆನಪಾಯಿತು. “ಅಯ್ಯೋ, ನನ್ನ ಫೋಟೋಗಳು” ಎಂದು ನೀರಿನ ಜಗ್ಗು ಎತ್ತಿದರು.

“ನೀರು ಬೇಡ ಮಾವ, ಕರೆಂಟಿದೆ” ಎಂದು ಚೀಟಿ ಅವರ ಕೈ ಹಿಡಿದಳು. ಅದೇ ಉಸಿರಿಗೆ ಲೈಬ್ರರಿ ಹುಡುಗ, “ಸ್ವಿಚ್ಚು ಎಲ್ಲಿದೆ?” ಎಂದ.

“ಸೋಫಾ ಹಿಂದೆ.”

ಹುಡುಗ ಸೋಫಾವನ್ನು ಒಂದೇ ಎಳೆತಕ್ಕೆ ಗೋಡೆಯಿಂದ ಬೇರೆ ಮಾಡಿ ಸ್ವಿಚ್ಚು ಆರಿಸಿದ. ಚಾರ್ಜರನ್ನು ಎರಡೂ ತುದಿಯಿಂದ ಕಿತ್ತು ಕೈಗೆ ಸುತ್ತಿಕೊಂಡ. ಚೀಟಿ ಒಳಗಿನಿಂದ ಇಕ್ಕಳ ಮತ್ತು ಅತ್ತೆಯ ಅಗಲವಾದ ಕಬ್ಬಿಣದ ಬಾಣಲೆ ತಂದಳು. ಅವನು ಮೆತ್ತೆ ಎತ್ತಿ ಹಿಡಿದ, ಅವಳು ಟ್ಯಾಬನ್ನು ಇಕ್ಕಳದಲ್ಲಿ ಹಿಡಿದು ಬಾಣಲೆಗೆ ಇಳಿಸಿದಳು. ಇಬ್ಬರೂ ಒಂದೊಂದು ಹಿಡಿ ಹಿಡಿದುಕೊಂಡು, ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ ಹೆಜ್ಜೆ ಕೂಡಿಸಿಕೊಂಡು, ಅದನ್ನು ಅಂಗಳದ ಬರಿ ಸಿಮೆಂಟಿನ ಮೇಲೆ, ಬಟ್ಟೆ ಬರೆ ಯಾವುದೂ ಹತ್ತಿರವಿಲ್ಲದ ಕಡೆ ಇಟ್ಟು ದೂರ ಸರಿದರು. ಟ್ಯಾಬು ಹೊಟ್ಟೆ ಉಬ್ಬಿಸಿಕೊಂಡ ಕಪ್ಪೆಯಂತೆ ಮಲಗಿತ್ತು.

“ಚುಚ್ಚಿ ಗಾಳಿ ತೆಗೆದ್ರೆ ಸರಿಹೋಗುತ್ತೇನೋ” ಎಂದ ಕ್ಷೌರಿಕ.

“ಮುಟ್ಟಿದ್ರೆ ನೋಡು” ಎಂದಳು ಚೀಟಿ. “ಊದಿದ ಬ್ಯಾಟರಿ ಚುಚ್ಚಬಾರದು, ಒತ್ತಬಾರದು, ಮತ್ತೆ ಚಾರ್ಜಿಗೆ ಹಾಕಬಾರದು.”

ಎಲ್ಲರೂ ಅಂಗಳದ ಗೋಡೆಯ ಪಕ್ಕ ಸಾಲಾಗಿ ನಿಂತು ಟ್ಯಾಬನ್ನು ನೋಡಿದರು. ಮೇಷ್ಟ್ರು ಮೌನ ಮುರಿದರು. ಮುಚ್ಚಿಕೊಳ್ಳಲು ಇನ್ನೇನೂ ಉಳಿದಿರಲಿಲ್ಲ. ಅಲ್ಲದೆ ಎದುರಿಗೆ ಒಂದು ತರಗತಿ ತಾನಾಗಿ ಸಾಲುಗಟ್ಟಿ ನಿಂತಿತ್ತು.

“ಆ ಚಾರ್ಜರು ಕೊಡಿ” ಎಂದು ಕ್ಷೌರಿಕನಿಂದ ನೂಲು ಸುತ್ತಿದ ಚಾರ್ಜರನ್ನು ಇಸಿದುಕೊಂಡು ಮಾವನ ಕೈಗಿಟ್ಟರು. “ಓದಿ. ಗಟ್ಟಿಯಾಗಿ.”

ಮಾವ ಕನ್ನಡಕ ಏರಿಸಿದರು. “ಔಟ್‌ಪುಟ್... ಹನ್ನೆರಡು ವೋಲ್ಟು.”

“ಟ್ರಿಮ್ಮರಿನ ಮೇಲೆ?”

“ಐದು ವೋಲ್ಟು.”

“ಅಂದ್ರೆ?”

“ಅಂದ್ರೆ...” ಮಾವ ಕನ್ನಡಕ ಸರಿಮಾಡಿಕೊಂಡರು. “ಸ್ವಲ್ಪ ಹೆಚ್ಚು.”

“ಸ್ವಲ್ಪ” ಎಂದರು ಮೇಷ್ಟ್ರು, ಖಾಲಿಯಾದ ಎಡಗಡೆಯನ್ನು ಸವರಿಕೊಳ್ಳುತ್ತ. “ತುದಿ ಹೋಗುತ್ತೆ ಅಂತ ಜೋಡಿ ಆಗುತ್ತೇನ್ರೀ? ನನ್ನ ಕಾಲು ನಿಮ್ಮ ಚಪ್ಪಲೀಲೂ ಹೋಗುತ್ತೆ.”

“ವೋಲ್ಟು ಎರಡೂ ಕಡೆ ಒಂದೇ ಇರ್ಬೇಕು ಮಾವ” ಎಂದಳು ಚೀಟಿ, ಸ್ವಲ್ಪ ಮೆಲ್ಲಗೆ. “ಆಂಪಿಯರು ಚಾರ್ಜರಿನ ಕಡೆ ಹೆಚ್ಚಿದ್ರೆ ಪರವಾಗಿಲ್ಲ, ಬೇಕಾದಷ್ಟೇ ತಗೊಳ್ಳುತ್ತೆ. ಕಡಿಮೆ ಇರಬಾರದು. ಎಲ್ಲ ಅದರ ಬೆನ್ನ ಮೇಲೇ ಬರೆದಿರ್ತಾರೆ. ಮತ್ತೆ ಮೆತ್ತೆ ಕೆಳಗೆ, ದಿಂಬಿನ ಕೆಳಗೆ ಯಾರಾದ್ರೂ ಇಡ್ತಾರಾ? ಬಿಸಿ ಹೋಗೋಕೆ ದಾರಿ ಬೇಡವಾ?”

“ಆ ಬಿಸಿ ಎಲ್ಲಿಗೆ ಹೋಯ್ತು ಅಂತ ನನಗೆ ಗೊತ್ತು” ಎಂದರು ಮೇಷ್ಟ್ರು.

ಮಾವನಿಗೆ ಇನ್ನು ಕೇಳಲಾಗಲಿಲ್ಲ. ಎಲ್ಲ ಮುಗಿಯಿತು. ಬೀಗರಾಗಬೇಕಾದವರ ಮೀಸೆ ಹಾರಿತು, ಕೂತ ಜಾಗ ಸುಟ್ಟಿತು. ಇದಕ್ಕಿಂತ ಕೆಟ್ಟದಾಗಿ ಒಂದು ಸಂಬಂಧ ಕೆಡಿಸಲು ಶತ್ರುವಿಗೂ ಸಾಧ್ಯವಿರಲಿಲ್ಲ. ಅವರು ಸದ್ದಿಲ್ಲದೆ ಒಳಗೆ ಹೋಗಿ ಸ್ಕ್ರೂಡ್ರೈವರು ತಂದರು, ಕುರ್ಚಿ ಹತ್ತಿದರು, ಬಾಗಿಲ ಮೇಲಿನ ಬೋರ್ಡನ್ನು ಬಿಚ್ಚತೊಡಗಿದರು. ಒಂದೊಂದು ಸ್ಕ್ರೂ ಕಳಚುವಾಗಲೂ ತಾವು ಕೂಡಿಸಿದ ಒಂದೊಂದು ಜೋಡಿ ಕಣ್ಣ ಮುಂದೆ ಬಂತು. ಎದುರು ಫುಟ್‌ಪಾತಿಗೆ ದಾಟುವವರೇ ಹೆಚ್ಚು ಬಂದರು.

ಇತ್ತ ಅಂಗಳದಲ್ಲಿ ಕ್ಷೌರಿಕ ಅಂಗಡಿಯಿಂದ ಕತ್ತಿ ತಂದು, ಮೇಷ್ಟ್ರನ್ನು ಕಲ್ಲಿನ ಮೇಲೆ ಕೂರಿಸಿ, ಟವೆಲು ಹೊದಿಸಿ, ಉಳಿದ ಅರ್ಧಕ್ಕೆ ಸಾಬೂನು ಹಚ್ಚುತ್ತಿದ್ದ. “ಹೆದರ್ಬೇಡಿ ಮೇಷ್ಟ್ರೇ, ಇದು ಬರಿ ಕೈಕತ್ತಿ. ಇದಕ್ಕೆ ಚಾರ್ಜರೇ ಬೇಡ.” ಅತ್ತೆ ಕನ್ನಡಿ ಹಿಡಿದು ನಿಂತಿದ್ದರು. ಮೇಷ್ಟ್ರು ಕಣ್ಣು ಮುಚ್ಚಿ, “ಬೇಗ ಮುಗಿಸಪ್ಪ” ಎಂದರು.

ಲೈಬ್ರರಿ ಹುಡುಗ ಸೋಫಾದ ಹಿಂದಿನಿಂದ ಕಿತ್ತ ಚಾರ್ಜರನ್ನು ಇನ್ನೂ ಕೈಯಲ್ಲೇ ಹಿಡಿದಿದ್ದ. ಚೀಟಿ ಅವನ ಪಕ್ಕಕ್ಕೆ ಬಂದಳು.

“ಅದರ ಮೇಲೆ ಏನು ಬರೆದಿದೆ?”

ಅವನು ಅದನ್ನು ಬೆಳಕಿಗೆ ಹಿಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ತಿರುಗಿಸಿ ಬೆನ್ನು ನೋಡಿದ, ಮಗ್ಗುಲು ನೋಡಿದ.

“ಏನೂ ಕಾಣಿಸ್ತಿಲ್ಲ. ಉಜ್ಜಿಹೋಗಿದೆ.”

“ಹಾಗಾದ್ರೆ ಅದು ಎಷ್ಟು ವೋಲ್ಟಿಂದು?”

“ಗೊತ್ತಿಲ್ಲ.”

ಚೀಟಿ ಅವನ ಮುಖ ನೋಡಿದಳು. ಈ ಮನೆಯಲ್ಲಿ ಆ ಮಾತನ್ನು ಯಾವ ಗಂಡಸೂ ಇದುವರೆಗೆ ಆಡಿರಲಿಲ್ಲ. ಬಂದು ಹೋದ ಹುಡುಗರೂ ಆಡಿರಲಿಲ್ಲ, ಇದ್ದ ಮಾವನೂ ಆಡಿರಲಿಲ್ಲ.

“ಗೊತ್ತಿಲ್ಲದಿದ್ರೆ ಏನು ಮಾಡಬೇಕು?” ಎಂದಳು.

“ಚುಚ್ಚಬಾರದು ಅನ್ಸುತ್ತೆ. ಖಚಿತವಾಗಿ ಬೇಕಂದ್ರೆ ಪುಸ್ತಕ ನೋಡಿ ಹೇಳ್ತೀನಿ. ನನ್ನ ಕೆಲಸವೇ ಅದು. ದಿನಕ್ಕೆ ನೂರು ಜನ ಬಂದು ಏನೇನೋ ಕೇಳ್ತಾರೆ. ನನಗೆ ಒಂದೂ ಗೊತ್ತಿರಲ್ಲ.”

“ಒಂದೂ?”

“ಯಾವ ಕಪಾಟು ಅಂತ ಮಾತ್ರ ಗೊತ್ತಿರುತ್ತೆ.”

ಚೀಟಿ ನಕ್ಕಳು. ಅವನೂ ನಗಬೇಕೋ ಬೇಡವೋ ಎಂದು ಗೊತ್ತಾಗದೆ ಸ್ವಲ್ಪ ನಕ್ಕ. ಅಷ್ಟರಲ್ಲಿ ಅವನ ಕಣ್ಣು ಕಲ್ಲಿನ ಕಡೆ ಹೋಯಿತು. ಅಲ್ಲಿ ಟವೆಲಿನೊಳಗಿಂದ ಒಂದು ಹೊಸ ಮುಖ ಹೊರಗೆ ಬಂದಿತ್ತು. ದುಂಡಗೆ, ಗುಲಾಬಿಯಾಗಿ, ಹೋಂವರ್ಕ್ ಮಾಡದೆ ಸಿಕ್ಕಿಬಿದ್ದ ಹುಡುಗನ ಹಾಗೆ. ಹುಟ್ಟಿದಂದಿನಿಂದ ಮಗ ತಂದೆಯ ಮೇಲ್ದುಟಿ ನೋಡಿರಲಿಲ್ಲ.

“ಅಪ್ಪಾ, ನೀವು ಇಷ್ಟು ಚಿಕ್ಕವರಾ?” ಎಂದ.

ಮೇಷ್ಟ್ರು ಕನ್ನಡಿ ಇಸಿದುಕೊಂಡು ಒಂದು ಕಡೆಯಿಂದ ನೋಡಿದರು. ಇನ್ನೊಂದು ಕಡೆಯಿಂದಲೂ ನೋಡಿದರು. ಗದರಬೇಕೆಂದು ಬಾಯಿ ತೆರೆದರು, ಆದರೆ ಆ ಮುಖಕ್ಕೆ ಗದರಿಕೆ ಹೊಂದುತ್ತಲೇ ಇರಲಿಲ್ಲ. “ತಂಪಾಗಿದೆ” ಎಂದರು ಕೊನೆಗೆ. ಮೊದಲು ನಕ್ಕವರು ಅತ್ತೆ. ಆಮೇಲೆ ಯಾರು ಯಾರನ್ನು ನೋಡಿ ನಗುತ್ತಿದ್ದಾರೆಂದು ತಿಳಿಯದಷ್ಟು ನಗು.

ಆ ನಗುವಿನ ನಡುವೆ ಚೀಟಿ ಕೇಳಿದ್ದು ಅತ್ತೆಗೆ ಮಾತ್ರ ಕೇಳಿಸಿತು: “ನಿಮ್ಮ ಲೈಬ್ರರಿ ಸಂಜೆ ಎಷ್ಟು ಹೊತ್ತಿನ ತನಕ ತೆಗೆದಿರುತ್ತೆ?”

ಅತ್ತೆ ಓಡಿದರು. ಬಾಗಿಲಲ್ಲಿ ಮಾವ ಬೋರ್ಡನ್ನು ಎದೆಗೆ ಅವಚಿಕೊಂಡು ಕುರ್ಚಿಯಿಂದ ಇಳಿಯುತ್ತಿದ್ದರು.

“ಯಾಕ್ರೀ ಇಳಿಸಿದ್ರಿ? ಅವಳು ಒಪ್ಪಿದ್ದಾಳೆ.”

“ಯಾರು?”

“ನಿಮ್ಮ ಸೊಸೆ ಕಣ್ರೀ. ಹುಡುಗನೂ ಒಪ್ಪಿದ ಹಾಗಿದೆ, ಆ ಕೆಟ್ಟ ಚಾರ್ಜರನ್ನ ಇನ್ನೂ ಕೈಯಿಂದ ಬಿಟ್ಟಿಲ್ಲ.”

ಮಾವ ದಂಗಾದರು. “ಹೆಂಗೆ? ನಾನು ಒತ್ತಲಿಲ್ಲ, ತಳ್ಳಲಿಲ್ಲ. ನಾನೇನೂ ಮಾಡಲಿಲ್ಲವಲ್ಲೇ.”

“ಅದಕ್ಕೇ” ಎಂದರು ಅತ್ತೆ.

ಮಾವನ ಮುಖ ಅರಳಿತು. “ಹಾಗಿದ್ರೆ ಬೋರ್ಡು ವಾಪಸು ಹಾಕ್ತೀನಿ.”

“ಇಳಿಸಿದ್ದು ಇಳಿಸಿದ್ದೇ. ಒಳಗೆ ಕೊಡಿ.”

ಹೀಗೆ ‘ಹೊಂದದ ಜೋಡಿ ಲೋಕದಲ್ಲೇ ಇಲ್ಲ’ ಎಂಬ ಸಿದ್ಧಾಂತ ಅಡುಗೆಮನೆಯ ಗೋಡೆ ಸೇರಿತು. ಅದರ ಮೇಲೆ ಈಗ ಸಾಲಾಗಿ ಡಬ್ಬಗಳಿವೆ, ಪ್ರತಿಯೊಂದಕ್ಕೂ ಅದರದೇ ಮುಚ್ಚಳ. ಆ ಬಿಸ್ಕತ್ತಿನ ಡಬ್ಬವನ್ನೂ ಚೀಟಿ ಮದುವೆಗೆ ಮೊದಲು ನೆಲಕ್ಕೆ ಸುರಿದು ಕೂತಳು. ಪಕ್ಕದಲ್ಲಿ ಲೈಬ್ರರಿ ಹುಡುಗ ಭೂತಗನ್ನಡಿ ಹಿಡಿದು ಕೂತ. ಇದರ ಯಜಮಾನ ಇಂಥದು ಎಂದು ಗೊತ್ತಾದವಕ್ಕೆ ಇಬ್ಬರೂ ಹೆಸರಿನ ಚೀಟಿ ಅಂಟಿಸಿದರು. ಹೆಸರಿಲ್ಲದವನ್ನು, ಊದಿದ ಟ್ಯಾಬಿನ ಜೊತೆಗೆ, ಹಳೆ ಬ್ಯಾಟರಿ ತೆಗೆದುಕೊಳ್ಳುವ ಕಡೆಗೆ ಕೊಟ್ಟು ಬಂದರು. ಹೊರಡುವಾಗ ಮಾವ ಬಾಗಿಲವರೆಗೂ ಬಂದು ಅವನ್ನು ಬೀಳ್ಕೊಟ್ಟರು. ಕಣ್ಣು ಸ್ವಲ್ಪ ಒದ್ದೆಯಾಗಿತ್ತು.

ಮೇಷ್ಟ್ರು ಮೀಸೆಯನ್ನು ಮತ್ತೆ ಬಿಡಲಿಲ್ಲ. ಮೀಸೆಯಿಲ್ಲದ ಮೇಲೆ ಬೀದಿಯ ಮಕ್ಕಳು ಹತ್ತಿರ ಬಂದು ಮಾತಾಡಿಸುತ್ತಾರಂತೆ.

ಮದುವೆಯಾಗಿ ಎಷ್ಟೋ ದಿನದ ಮೇಲೆ ಒಂದು ಬೆಳಿಗ್ಗೆ ಟೈಲರಮ್ಮ ಮಹಡಿಯಿಂದ ಇಳಿದು ಬಂದಳು. ಒಂದು ಕೈಯಲ್ಲಿ ಹೊಸ ಟಾರ್ಚು, ಇನ್ನೊಂದರಲ್ಲಿ ಹಳೆಯ ಚಾರ್ಜರು. ಮಾವ ಮೆಟ್ಟಿಲ ಮೇಲೆ ಕೂತು ಬಿಸಿಲು ಕಾಯಿಸುತ್ತಿದ್ದರು. ಮೂಲೆಯಲ್ಲಿ ಕ್ಷೌರಿಕ ಅಂಗಡಿಯ ಬಾಗಿಲಲ್ಲಿ ಕತ್ತರಿ ಒರೆಸುತ್ತಿದ್ದ.

“ಮಾವ, ಇದು ಇದಕ್ಕೆ ಆಗುತ್ತಾ?”

ಮಾವ ಎರಡನ್ನೂ ಕೈಗೆ ತೆಗೆದುಕೊಂಡರು. ಹಳೆಯ ಅಭ್ಯಾಸ, ತುದಿಯನ್ನು ತೂತಿನ ಹತ್ತಿರಕ್ಕೆ ಒಯ್ದರು. ಬೆರಳು ತಾನಾಗಿ ಒತ್ತಲು ಹೊರಟಿತು. ಅಲ್ಲೇ ನಿಂತಿತು. ಅವರು ಕೆಮ್ಮಿದರು, ಆಕಾಶ ನೋಡಿದರು, ಮೂಗಿನ ಕೆಳಗೆ ಒಮ್ಮೆ ಸವರಿಕೊಂಡರು. ಆಮೇಲೆ ಹುಟ್ಟಿದಂದಿನಿಂದ ಆಡದೆ ಇದ್ದ ಮಾತೊಂದು ಅವರ ಬಾಯಿಂದ, ಕದ ತೆರೆದು ಅಭ್ಯಾಸವಿಲ್ಲದ ಕೋಣೆಯಿಂದ ಬರುವಂತೆ, ಮೆಲ್ಲಗೆ ಹೊರಗೆ ಬಂತು.

“ನಂಗೊತ್ತಿಲ್ಲ ತಾಯಿ. ಅದರ ಬೆನ್ನ ಮೇಲೆ ಓದಿ ನೋಡು.”

ಮೂಲೆಯ ಅಂಗಡಿಯಲ್ಲಿ ಕ್ಷೌರಿಕನ ಕೈಯ ಕತ್ತರಿ ನಿಂತಿತು. ಟೈಲರಮ್ಮ ಒಂದು ಮೆಟ್ಟಿಲು ಹಿಂದೆ ಸರಿದು, “ಅತ್ತೇ” ಎಂದು ಒಳಗೆ ಕೂಗಿದಳು. ಅತ್ತೆ ಕೈ ಒರೆಸಿಕೊಳ್ಳುತ್ತ ಓಡಿಬಂದು, ಏನೆಂದು ಕೇಳಿ, ಗಂಡನ ಹಣೆ ಮುಟ್ಟಿ ನೋಡಿದರು, ಜ್ವರವಿದೆಯೇನೋ ಎಂದು.

ಬಿಸಿಯೇನೂ ಇರಲಿಲ್ಲ.